ಕೆನೆಯ ಬಣ್ಣ

ವೆಸ್ಟ್ ಮಾಂಬಲಂ, ಚೆನ್ನೈ
೧೮ ಮೇ ೨೦೨೫, ಭಾನುವಾರ

ಪ್ರೀತಿಯ ಅವ್ವನಿಗೆ,

ಲಕೋಟೆ ನೋಡಿ ಎದೆ ಹೊಡೆದುಕೊಳ್ಳಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಇದು ಒಳ್ಳೆಯ ಸುದ್ದಿಯ ಕಾಗದ. ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ನಿನ್ನ ಕಿವಿಗೆ ಬೀಳಬೇಕಾದರೆ ನಾನು ಕೂಗಿ ಹೇಳಬೇಕು. ನಾನು ಕೂಗಿದರೆ ಈ ಮನೆಯ ಎಲ್ಲ ಕೋಣೆಗಳಿಗೂ, ಮೇಲಿನ ಮಹಡಿಯ ಸರಸ ಮಾಮಿಯ ಮನೆಗೂ ಕೇಳುತ್ತದೆ. ಹೇಳಬೇಕಾದ ಸಂಗತಿ ಅಂಥದ್ದಲ್ಲ. ಕನ್ನಡಕ ಹಾಕಿಕೊಂಡು ನೀನೇ ಓದು, ಪಕ್ಕದ ಮನೆಯ ಜಯರಾಮನ ಕೈಲಿ ಓದಿಸಬೇಡ. ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

ಶಿವರಾತ್ರಿಯ ಹೊತ್ತಿನಿಂದ ನನ್ನ ದನಿ ಯಾಕೆ ಕುಗ್ಗಿದೆ ಅಂತ ನೀನು ಕೇಳಿದಾಗೆಲ್ಲ ನೆಗಡಿ ಅಂದೆ. ಮದರಾಸಿನ ಬೇಸಿಗೆಯಲ್ಲಿ ಯಾರಿಗೆ ಅಷ್ಟು ದಿನ ನೆಗಡಿ ಇರುತ್ತದೆ ಹೇಳು. ನೀನು ನಂಬಿದೆಯೋ, ನಂಬಿದ ಹಾಗೆ ಮಾಡಿದೆಯೋ ನನಗೆ ಗೊತ್ತಿಲ್ಲ. ನಿಜ ಸಂಗತಿ ಏನೆಂದರೆ, ಇಷ್ಟು ದಿನ ನಮ್ಮ ಅತ್ತೆ ನನ್ನನ್ನು ಸುಳ್ಳಿ ಎಂದುಕೊಂಡಿದ್ದರು. ಅದೂ ಒಂದು ಬೆಕ್ಕಿನ ಬಣ್ಣದ ದೆಸೆಯಿಂದ. ಮೊನ್ನೆ ಶುಕ್ರವಾರ ಆ ಗ್ರಹಚಾರ ಕಳೆಯಿತು. ಕಳೆದ ಮೇಲೆ ಎರಡು ದಿನ ಹೊಟ್ಟೆ ತುಂಬ ಉಂಡು, ಮಧ್ಯಾಹ್ನ ಕಾಲು ಚಾಚಿ ನಿದ್ದೆ ಮಾಡಿ, ಈಗ ಬರೆಯಲು ಕೂತಿದ್ದೇನೆ.

ಕೆನೆಯನ್ನು ನೀನು ನೋಡಿದ್ದೀಯ. ಹೋದ ವರ್ಷ ಯುಗಾದಿಗೆ ಬಂದಾಗ ನಿನ್ನ ಬ್ಯಾಗಿನ ಮೇಲೆ ಮಲಗಿ ಏಳದೆ ಹಟ ಮಾಡಿತ್ತಲ್ಲ, ಅದೇ. ಅತ್ತೆಯ ಬೆಕ್ಕು. ಮೈಯೆಲ್ಲ ಕಾಯಿಸಿದ ಹಾಲಿನ ಕೆನೆಯ ಬಣ್ಣ, ಕಿವಿ, ಮೂತಿ, ಪಾದ, ಬಾಲ ಮಾತ್ರ ತುಸು ಕಂದು, ಕಣ್ಣು ನೀಲಿ. ಕೋಡಂಬಾಕ್ಕಂನಲ್ಲಿ ಅತ್ತೆಯ ಪರಿಚಯದವರೊಬ್ಬರ ಮನೆಯಿಂದ ಮರಿಯಾಗಿ ಬಂದದ್ದು. ಈ ಮನೆಯ ಮಡಿ ನಿನಗೆ ಗೊತ್ತೇ ಇದೆ. ಸ್ನಾನವಾಗದೆ ನಾನು ಅಡುಗೆಮನೆಯ ಹೊಸಿಲು ದಾಟುವಂತಿಲ್ಲ, ಕೆನೆ ಮಾತ್ರ ಒಲೆಯ ಪಕ್ಕದ ಕಟ್ಟೆಯ ಮೇಲೆ ಹಾಯಾಗಿ ಬಿದ್ದುಕೊಂಡಿರುತ್ತದೆ. ಕೇಳಿದರೆ, ಅದು ದಿನವೆಲ್ಲ ಮೈ ನೆಕ್ಕಿಕೊಂಡು ನಿನಗಿಂತ ಶುದ್ಧವಾಗಿರುತ್ತದೆ ಎನ್ನುತ್ತಾರೆ.

ನಾದಿನಿ ಅಕ್ಷಯಾಳ ಬಾಣಂತನಕ್ಕೆಂದು ಅತ್ತೆ ಕಳೆದ ಜುಲೈನಲ್ಲಿ ಪುಣೆಗೆ ಹೋದರು. ಹೊರಡುವ ದಿನ ಬೀಗದ ಕೈ, ಉಪ್ಪಿನಕಾಯಿ ಜಾಡಿ, ದೇವರ ಮನೆಯ ದೀಪ ಎಲ್ಲ ಒಪ್ಪಿಸಿ, ಕೊನೆಗೆ ಕೆನೆಯನ್ನು ಎತ್ತಿ ನನ್ನ ತೋಳಿಗೆ ಕೊಟ್ಟರು. ಅವ್ವಾ, ನಾನು ಈ ಮನೆಗೆ ಬಂದ ರೀತಿ ನಿನಗೆ ಹೊಸದಾಗಿ ಹೇಳಬೇಕಿಲ್ಲ. ಮಳವಳ್ಳಿಯ ಗೌಡರ ಹುಡುಗಿ, ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ವೈಷ್ಣವರ ಮನೆಗೆ. ಅತ್ತೆ ಒಂದು ದಿನವೂ ಒರಟು ಮಾತಾಡಿದವರಲ್ಲ. ಆದರೆ ತಮ್ಮದು ಅಂತ ಯಾವುದನ್ನೂ ನನ್ನ ಕೈಗೆ ಕೊಟ್ಟವರೂ ಅಲ್ಲ. ಹಾಗಾಗಿ ಆ ಬೆಕ್ಕು ತೋಳಿಗೆ ಬಂದಾಗ ನನಗೆ ಹಿಗ್ಗಾಯಿತು.

ಅಕ್ಟೋಬರ್ ಮಳೆಗೆ ಆ ಹಿಗ್ಗು ಇಳಿಯಿತು. ಬೀದಿಯಲ್ಲಿ ಮೊಣಕಾಲುದ್ದ ನೀರು, ಕರೆಂಟಿಲ್ಲ, ನಿನ್ನ ಅಳಿಯ ಗುರುಚರಣ ಆಫೀಸಿನ ಕೆಲಸಕ್ಕೆ ಹೊಸೂರಿಗೆ ಹೋಗಿದ್ದರು. ಕೆಳಗೆ ನಿಲ್ಲಿಸಿದ್ದ ಸ್ಕೂಟರನ್ನು ನೀರಿನಿಂದ ಎತ್ತರಕ್ಕೆ ತಳ್ಳಿ ನಿಲ್ಲಿಸಲು ಹೋಗುವಾಗ ಬಾಗಿಲು ತೆರೆದೇ ಬಿಟ್ಟಿದ್ದೆ. ತಿರುಗಿ ಬರುವಷ್ಟರಲ್ಲಿ ಕೆನೆ ಇಲ್ಲ. ಹುಡುಕಿದೆ, ಕರೆದೆ, ನಿನ್ನ ಮೊಮ್ಮಗಳು ಪಾವನಾ ಅತ್ತಳು, ನಾನು ಅವಳ ಮುಂದೆ ಅಳದೆ ಬಚ್ಚಲಲ್ಲಿ ಅತ್ತುಕೊಂಡೆ. ನೀರಿಳಿದ ಮೇಲೆ ಹಿಂದಿನ ಬೀದಿಯ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಮೋಟಾರಿನ ಹಿಂದೆ, ಒಂದು ಬೆಕ್ಕು ಸಿಕ್ಕಿತು. ಕೆಸರು ಮೆತ್ತಿತ್ತು, ಎಲುಬು ಎದ್ದಿತ್ತು, ಎಡಪಕ್ಕೆ ಹರಿದಿತ್ತು. ಹತ್ತಿರ ಹೋದರೆ ಬುಸುಗುಟ್ಟಿತು. ನೀಲಿ ಕಣ್ಣು ನೋಡಿ ಕೆನೆಯೇ ಎಂದುಕೊಂಡು ಸೆರಗಿನಲ್ಲಿ ಸುತ್ತಿ ತಂದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಪಕ್ಕೆಯ ಕೂದಲು ಬೋಳಿಸಿ ಹೊಲಿಗೆ ಹಾಕಿಕೊಟ್ಟರು. ಅತ್ತೆಗೆ ಹೇಳಲಿಲ್ಲ. ಪುಣೆಯಿಂದ ವಿಡಿಯೊ ಕಾಲ್ ಬಂದಾಗ ಕೆನೆ ಮಲಗಿದೆ, ಕೆನೆ ತಾರಸಿಗೆ ಹೋಗಿದೆ ಅಂತ ಏನೇನೋ ಅಂದೆ. ಕೂಸು ಹುಟ್ಟಿದ ಗಡಿಬಿಡಿಯಲ್ಲಿ ಅವರೂ ಹೆಚ್ಚು ಕೇಳಲಿಲ್ಲ.

ಗಾಯ ಮಾಯುವ ತನಕ ಅದನ್ನು ನಾನು ಕೆಲಸ ಮಾಡುವ ಕೋಣೆಯಲ್ಲೇ ಇಟ್ಟುಕೊಂಡೆ. ವಾಸಿಯಾದ ಮೇಲೂ ಅದು ಅಲ್ಲಿಂದ ಕದಲಲಿಲ್ಲ. ಮನೆಯಿಂದಲೇ ಆಫೀಸಿನ ಕೆಲಸವಾದ್ದರಿಂದ ಆ ಕೋಣೆಯಲ್ಲಿ ದಿನವೆಲ್ಲ ಎಸಿ ಓಡುತ್ತದೆ. ಅತ್ತೆಗೆ ಎಸಿ ಗಾಳಿ ಕಂಡರಾಗದು. ಅವರಿದ್ದಾಗ ಆ ಕೋಣೆಯ ಕಡೆ ಕೆನೆಯೂ ಬರುತ್ತಿರಲಿಲ್ಲ. ಈಗ ಎಸಿಯ ಕೆಳಗೇ ಹಾಸಿಗೆ ಮಾಡಿಕೊಂಡಿತು.

ಆಮೇಲೆ ಶುರುವಾಯಿತು ನೋಡು ನನ್ನ ಕಷ್ಟ. ಬೋಳಿಸಿದ ಜಾಗದಲ್ಲಿ ಹೊಸ ಕೂದಲು ಬಂತು, ಕೆನೆಯ ಬಣ್ಣದ್ದಲ್ಲ, ಕರಿ ಬೆಲ್ಲದ ಬಣ್ಣದ್ದು. ಡಿಸೆಂಬರ್ ಹೊತ್ತಿಗೆ ಬೆನ್ನು ಮಂಕಾಯಿತು. ಪೊಂಗಲ್ ಕಳೆಯುವಷ್ಟರಲ್ಲಿ ಮೈಗೆಲ್ಲ ಕಾಫಿ ಬಣ್ಣ, ಮುಖ ಪೂರ್ತಿ ಕಪ್ಪು. ಶಾಂಪೂ ಹಾಕಿ ತೊಳೆದೆ. ಆಹಾರ ಬದಲಾಯಿಸಿದೆ. ಬೆಕ್ಕು ನರೆತು ಬಿಳಿಯಾದೀತು, ಕಪ್ಪಾಗುವುದುಂಟೆ? ನನಗೇ ಅನುಮಾನ ಹತ್ತಿತು. ಕತ್ತಲ ನೆಲಮಾಳಿಗೆಯಿಂದ ಕೆಸರು ಮೆತ್ತಿದ ಯಾರದೋ ಬೆಕ್ಕನ್ನು ಹೊತ್ತು ತಂದೆನೇ? ನಮ್ಮ ಕೆನೆ ಆ ನೀರಿನಲ್ಲಿ ಹೋಯಿತೇ? ಹಿಂದಿನ ಬೀದಿಯ ಮನೆಮನೆಗೂ ಹೋಗಿ ಕೇಳಿದೆ. ಯಾರ ಮನೆಯ ಬೆಕ್ಕೂ ಕಳೆದಿರಲಿಲ್ಲ. ಆದರೂ ಮನಸ್ಸಿಗೆ ಹತ್ತಿದ ಹುಳ ಹೋಗಲಿಲ್ಲ.

ಫೆಬ್ರವರಿಯಲ್ಲಿ ಅತ್ತೆ ಬಂದರು. ಚಪ್ಪಲಿ ಬಿಡುವ ಮೊದಲೇ ಕೆನೆ, ಕೆನೆ ಎಂದು ಕರೆದರು. ಅಷ್ಟು ತಿಂಗಳ ಮೇಲೆ ಕೇಳಿದ ದನಿಗೆ ಅದು ಬೆದರಿ ಮಂಚದ ಕೆಳಗೆ ನುಗ್ಗಿತು. ಅತ್ತೆ ಸೊಂಟ ಹಿಡಿದುಕೊಂಡು ಬಗ್ಗಿ ನೋಡಿದರು. ನೋಡಿ, ನಿಧಾನವಾಗಿ ನೆಟ್ಟಗಾಗಿ, "ಏನ್ಮಾ, ಇದು ಯಾರ ಮನೆ ಪೂನೆ?" ಎಂದು ಕೇಳಿದರು. ಪೂನೆ ಅಂದರೆ ಇಲ್ಲಿಯ ತಮಿಳಿನಲ್ಲಿ ಬೆಕ್ಕು. ಪಾವನಾ ತನ್ನ ತಮಿಳಿನಲ್ಲಿ, "ಪಾಟಿ, ಇದು ಕೆನೆದಾನ್," ಅಜ್ಜಿ, ಇದು ಕೆನೆಯೇ, ಎಂದಳು. ಅವರು ಮೊಮ್ಮಗಳ ತಲೆ ಸವರಿ ನನ್ನ ಮುಖ ನೋಡಿದರು. ನನ್ನ ಮುಖ ನಿನಗೆ ಗೊತ್ತಲ್ಲ, ಒಳಗಿನದೆಲ್ಲ ಹೊರಗೆ ಕಾಣುವ ಮುಖ.

ಮಾರನೆಯ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ನನ್ನನ್ನು ಕರೆದರು. ದನಿ ಏರಿಸಲಿಲ್ಲ. "ಕೋಪ ಇಲ್ಲಮ್ಮಾ. ಪೂನೆ ಅಂದಮೇಲೆ ಓಡಿಹೋಗತ್ತೆ, ಸಾಯತ್ತೆ, ಅದು ನಿನ್ನ ತಪ್ಪಾ? ಆದ್ರೆ ಬೇರೆದು ತಂದಿಟ್ಟು ಇದೇ ಅದು ಅಂದ್ರೆ ನಂಗೆ ತಾಳಕ್ಕಾಗಲ್ಲ. ದೀಪ ಮುಟ್ಟಿ ಒಂದು ಮಾತು ಹೇಳಿಬಿಡು, ಇದು ನಮ್ಮ ಕೆನೆನೇ ಅಂತ. ಆಮೇಲೆ ನಾನು ಕೇಳೋದೇ ಇಲ್ಲ," ಎಂದರು.

ಅವ್ವಾ, ನನ್ನ ಕೈ ದೀಪದ ಕಂಬದವರೆಗೆ ಹೋಯಿತು, ಅಲ್ಲೇ ನಿಂತಿತು. ಬೇಕೆಂದೇ ಬೇರೆ ಬೆಕ್ಕು ತಂದಿಟ್ಟಿಲ್ಲ ಅಂತ ಹೇಳು ಎಂದಿದ್ದರೆ ಸಾವಿರ ಸಲ ಮುಟ್ಟುತ್ತಿದ್ದೆ. ಇದು ಕೆನೆಯೇ ಅಂತ ನನಗೆ ಖಂಡಿತವಾಗಿ ಗೊತ್ತಿಲ್ಲವಲ್ಲ. ಮಳೆಯ ಕಥೆ ಹೇಳೋಣ ಅಂದರೆ, ಅಷ್ಟು ದಿನ ವಿಡಿಯೊ ಕಾಲಿನಲ್ಲಿ ಹೇಳಿದ ಸುಳ್ಳೆಲ್ಲ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಕೈ ಹಿಂದಕ್ಕೆ ತೆಗೆದುಕೊಂಡೆ. ಅವರು, "ಶರಿ, ಹೋಗು," ಎಂದರು. ಅಷ್ಟೇ.

ನಮ್ಮೂರಾಗಿದ್ದರೆ ಒಂದು ದಿನ ಕೂಗಾಡಿ, ಮೂಗು ಒರೆಸಿಕೊಂಡು, ಸಂಜೆಗೆ ಒಟ್ಟಿಗೆ ಮುದ್ದೆ ಉಣ್ಣುತ್ತಿದ್ದೆವು. ಇಲ್ಲಿ ಹಾಗಲ್ಲ. ಅತ್ತೆ ಊಟ ಬಡಿಸುವುದನ್ನು ನಿಲ್ಲಿಸಲಿಲ್ಲ, ಪಲ್ಯ ಇನ್ನೊಂದು ಸಲ ಹಾಕುವುದನ್ನೂ ಬಿಡಲಿಲ್ಲ. ಆದರೆ ಬೀಗದ ಕೈ ಮರಳಿ ಅವರ ಸೊಂಟಕ್ಕೆ ಹೋಯಿತು. ಬೆಕ್ಕಿಗೆ ಹಾಲು ಹಾಕುತ್ತಿದ್ದರು, ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ಸರಸ ಮಾಮಿ ಎದುರಾಗಿ ನಕ್ಕರೆ, ಇವರಿಗೂ ಗೊತ್ತಾಗಿದೆ, ಈ ಕಟ್ಟಡಕ್ಕೆಲ್ಲ ಗೊತ್ತಾಗಿದೆ ಎನಿಸಿ ತಲೆ ತಗ್ಗಿಸಿ ಇಳಿದುಬಿಡುತ್ತಿದ್ದೆ. ಅವರು ಎದುರು ಬರದ ಹೊತ್ತು ನೋಡಿ ತರಕಾರಿಗೆ ಹೋಗುವುದನ್ನು ಕಲಿತೆ.

ಗುರುಚರಣರಿಗೆ ನಡೆದದ್ದನ್ನೆಲ್ಲ ಹೇಳಿದೆ. ಒಂದು ಬೆಕ್ಕಿಗೆ ಇಷ್ಟೆಲ್ಲ ಯಾಕೆ ಎಂದರು. ಅಮ್ಮನಿಗೆ ತಾನೇ ಹೇಳುತ್ತೇನೆ ಎಂದರು, ಬೇಡ ಎಂದೆ. ಗಂಡನ ಬಾಯಲ್ಲಿ ಹೇಳಿಸಿದರೆ ಅದು ವಕಾಲತ್ತಾಗುತ್ತದೆ. ಹಾಗಾದರೆ ಕ್ರೋಂಪೇಟೆಯಲ್ಲಿ ಬಾಡಿಗೆ ಮನೆ ಮಾಡೋಣ, ತನಗೂ ಆಫೀಸು ಹತ್ತಿರ ಎಂದರು. ಅದಕ್ಕೂ ಒಪ್ಪಲಿಲ್ಲ. ಈಗ ಹೊರಟುಹೋದರೆ ಸುಳ್ಳಿ ಎಂಬ ಮಾತು ಈ ಮನೆಯಲ್ಲೇ ಉಳಿದುಬಿಡುತ್ತದೆ, ನಾನು ಹಬ್ಬಕ್ಕೆ ಬಂದಾಗೆಲ್ಲ ಅದೇ ನನಗೆ ಬಾಗಿಲು ತೆಗೆಯುತ್ತದೆ. ಅದು ನನಗೆ ಬೇಡವಾಗಿತ್ತು.

ಮಾರ್ಚಿನಲ್ಲಿ ಬೆಕ್ಕು ಹಳೆಯ ಹೊಲಿಗೆಯ ಜಾಗವನ್ನು ಕೆರೆದುಕೊಳ್ಳತೊಡಗಿತು. ಅದನ್ನು ಬುಟ್ಟಿಗೆ ಹಾಕಿಕೊಂಡು ಕೋಡಂಬಾಕ್ಕಂನ ಡಾಕ್ಟರ್ ಮಲರ್ವಿಳಿಯವರ ಹತ್ತಿರ ಹೋದೆ. ನನಗಿಂತ ಸ್ವಲ್ಪ ದೊಡ್ಡವರು, ಜೋರು ದನಿಯ ಹೆಂಗಸು. ಅವರು ಚರ್ಮ ನೋಡಿ ಮುಲಾಮು ಬರೆಯುವಾಗ, ಡಾಕ್ಟರೇ, ಬೆಕ್ಕಿನ ಬಣ್ಣ ಬದಲಾಗುತ್ತದೆಯೇ ಎಂದು ನನ್ನ ಹರಕು ತಮಿಳಿನಲ್ಲಿ ಕೇಳಿದೆ. ಕೇಳುತ್ತ ಕೇಳುತ್ತ ಮಳೆ, ನೆಲಮಾಳಿಗೆ, ದೀಪ ಎಲ್ಲ ಹೊರಗೆ ಬಂತು. ಅಳುವೂ ಬಂತು. ಹೊರಗೆ ನಾಯಿ ಹಿಡಿದುಕೊಂಡು ಕಾದಿದ್ದವರು ಒಳಗೆ ಇಣುಕಿ ನೋಡಿದರು.

ಡಾಕ್ಟರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು, ಇದು ಮಲಗುವುದು ಎಲ್ಲಿ ಅಂತ. ಎಸಿ ಕೆಳಗೆ ಎಂದೆ. ಮೊದಲು? ಒಲೆಯ ಪಕ್ಕ ಎಂದೆ. ಅವರು ನಗತೊಡಗಿದರು. ನನಗೆ ಸಿಟ್ಟು ಬಂತು. ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ.

ಇಂಥ ಬೆಕ್ಕಿಗೆ ಅಪ್ಪ, ಅಮ್ಮ ಇಬ್ಬರಿಂದಲೂ ಒಂದು ಬಗೆಯ ಜೀನ್ ಬಂದಿರುತ್ತದಂತೆ. ಒಬ್ಬರಿಂದ ಮಾತ್ರ ಬಂದರೆ ಅದು ಕಾಣಿಸಿಕೊಳ್ಳುವುದಿಲ್ಲ, ಒಳಗೇ ಅಡಗಿರುತ್ತದೆ. ಕೂದಲಿಗೆ ಕಪ್ಪು ಬಣ್ಣ ತಯಾರಿಸುವ ಒಂದು ಎನ್ಝೈಮ್ ಎಲ್ಲ ಬೆಕ್ಕಿನಲ್ಲೂ ಇದೆ. ಈ ಜೀನಿನ ಬೆಕ್ಕಿನಲ್ಲಿ ಅದು ಸ್ವಲ್ಪ ನಾಜೂಕು, ಮೈಯ ಕಾವಿಗೆ ಕೆಟ್ಟು ಕೆಲಸ ಬಿಡುತ್ತದೆ, ತಂಪಾದ ಕಡೆ ಮಾತ್ರ ಕೆಲಸ ಮಾಡುತ್ತದೆ. ಹೊಟ್ಟೆ, ಬೆನ್ನು ಬೆಚ್ಚಗಿರುವುದರಿಂದ ಅಲ್ಲಿ ಕೂದಲು ಬಿಳಿ. ಕಿವಿ, ಮೂತಿ, ಪಾದ, ಬಾಲ ತಣ್ಣಗಿರುವುದರಿಂದ ಅಲ್ಲಿ ಕಂದು. ತಾಯ ಹೊಟ್ಟೆಯೊಳಗೆ ಎಲ್ಲ ಕಡೆಯೂ ಒಂದೇ ಬಿಸಿಯಲ್ಲವೇ, ಅದಕ್ಕೇ ಇವು ಹುಟ್ಟುವಾಗ ಪೂರ್ತಿ ಬಿಳಿ. ನನಗೆ ತಟ್ಟನೆ ಬೆಣ್ಣೆಯ ನೆನಪಾಯಿತು. ಮಜ್ಜಿಗೆ ತಣ್ಣಗಿದ್ದರೆ ಬೆಣ್ಣೆ ಕೂಡುತ್ತದೆ, ಬಿಸಿಲಲ್ಲಿ ಎಷ್ಟು ಕಡೆದರೂ ಕೂಡುವುದಿಲ್ಲವಲ್ಲ, ಹಾಗೆ. ಹೇಳಿದೆ. ಡಾಕ್ಟರು ಅದೇ ಸರಿ ಎಂದರು. ಅಡುಗೆಮನೆಯ ಸೆಕೆಯಲ್ಲಿ ಬೆಳ್ಳಗಿದ್ದ ಬೆಕ್ಕನ್ನು ನಾನು ತಿಂಗಳುಗಟ್ಟಲೆ ಎಸಿಯಲ್ಲಿ ಇಟ್ಟೆ. ಹಳೆಯ ಕೂದಲು ಉದುರಿ ಹೊಸದು ಬಂದಂತೆಲ್ಲ ಕಪ್ಪಾಗಿ ಬಂತು. ಪಕ್ಕೆಯಲ್ಲಿ ಬೋಳಿಸಿದ ಜಾಗಕ್ಕಂತೂ ಹೊದಿಕೆಯೇ ಇರಲಿಲ್ಲ, ತಣ್ಣಗಾಗಿ ಎಲ್ಲಕ್ಕಿಂತ ಹೆಚ್ಚು ಕಪ್ಪಾಯಿತು.

ಇಷ್ಟು ಕೇಳಿದರೂ ನನ್ನ ಹುಳ ಸಾಯಲಿಲ್ಲ. ಇದು ಆ ಜಾತಿಯ ಬೆಕ್ಕು ಅಂತಾಯಿತು, ನಮ್ಮ ಕೆನೆಯೇ ಅಂತ ಹೇಗಾಯಿತು ಎಂದೆ. ನಿಮ್ಮ ಬೀದಿಯಲ್ಲಿ ಇಂಥ ನೀಲಿಗಣ್ಣಿನ ಬೆಕ್ಕು ಇನ್ನೆಷ್ಟು ನೋಡಿದ್ದೀರಿ ಎಂದು ಅವರು ಕೇಳಿದರು. ಒಂದೂ ಇಲ್ಲ. ನಿಮ್ಮ ಬೆಕ್ಕು ಕಳೆದುಹೋದ ವಾರವೇ, ನಿಮ್ಮ ಹಿಂದಿನ ಬೀದಿಯಲ್ಲೇ, ಯಾರೂ ಕಳೆದುಕೊಳ್ಳದ ಇನ್ನೊಂದು ಇಂಥದೇ ಬೆಕ್ಕು ಎಲ್ಲಿಂದ ಬರುತ್ತದೆ ಎಂದರು. ನಿಜ. ನನ್ನ ಅನುಮಾನಕ್ಕೆ ಇದ್ದ ಕಾರಣ ಬಣ್ಣ ಒಂದೇ. ಆ ಬಣ್ಣಕ್ಕೆ ಕಾರಣ ಸಿಕ್ಕ ಮೇಲೆ ಅನುಮಾನಕ್ಕೆ ಕಾಲೂರಲು ಜಾಗವಿರಲಿಲ್ಲ.

ಅತ್ತೆಯನ್ನು ಒಪ್ಪಿಸುವುದು ಹೇಗೆ? ಡಾಕ್ಟರು ಬಲಪಕ್ಕೆಯಲ್ಲಿ ಅಂಗೈಯಷ್ಟಗಲ ಕೂದಲು ಬೋಳಿಸಿದರು. ಎಸಿ ಕೋಣೆಗೆ ಬಿಡಬೇಡಿ, ಈ ಜಾಗಕ್ಕೆ ಬಟ್ಟೆ ಸುತ್ತಿ ಬೆಚ್ಚಗಿಡಿ, ಹೊಸ ಕೂದಲು ಯಾವ ಬಣ್ಣದ್ದು ಬರುತ್ತದೆಂದು ಅವರೇ ನೋಡಲಿ ಎಂದರು. ನಮ್ಮ ಮನೆಯಲ್ಲಿ ಬೆಚ್ಚಗಿರುವ ಜಾಗ ಒಂದೇ, ಅತ್ತೆಯ ಅಡುಗೆಮನೆ.

ಹೋಗಿ ಹೊಸಿಲಿನ ಹೊರಗೆ ನಿಂತು, ಡಾಕ್ಟರು ಹೇಳಿದ್ದನ್ನೆಲ್ಲ ಬೆಣ್ಣೆಯ ಸಮೇತ ಹೇಳಿದೆ. ಎಸಿಯಿಂದ ಕಪ್ಪಾಗಿದೆ ಎಂದ ಕೂಡಲೇ ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಇದನ್ನ ನಿಂಗೆ ಯಾರು ಹೇಳಿಕೊಟ್ರು?" ಎಂದು ಕೇಳಿದರು. ಡಾಕ್ಟರು ಎಂದೆ. "ಡಾಕ್ಟರಾ? ನಿಜವಾಗ್ಲೂ?" ಎಂದು ಮತ್ತೆ ಕೇಳಿದರು. ಹೌದೆಂದೆ. ಆಮೇಲೆ ಬುಟ್ಟಿಗೆ ಕೈ ಚಾಚಿದರು. ಯಾರ ಬೆಕ್ಕಾದರೂ ಮೈ ಬೋಳಿಸಿಕೊಂಡು ಬಂದಿದೆ, ಇರಲಿ ಎಂದರು. ತಮ್ಮ ಹಳೆಯ ಒಂಬತ್ತು ಗಜದ ಸೀರೆ ಹರಿದು ಅದರ ಹೊಟ್ಟೆಗೆ ಪಟ್ಟಿ ಕಟ್ಟಿದರು. ಅದು ಬಿಚ್ಚುತ್ತಿತ್ತು, ಇವರು ಕಟ್ಟುತ್ತಿದ್ದರು. ಮಾರ್ಚ್, ಏಪ್ರಿಲ್ ಹೀಗೇ ಹೋಯಿತು. ನನಗೆ ಪಟ್ಟಿಯ ಕೆಳಗೆ ನೋಡುವ ಧೈರ್ಯವಿರಲಿಲ್ಲ, ಅವರು ನೋಡುತ್ತಿದ್ದರೋ ಏನೋ, ಬಾಯಿ ಬಿಡುತ್ತಿರಲಿಲ್ಲ. ಇಲ್ಲಿಯವರು ಕತ್ತಿರಿ ಎನ್ನುವ ಉರಿ ಬಿಸಿಲು ಈ ತಿಂಗಳು ಶುರುವಾಯಿತು. ಎಲ್ಲರೂ ಅದನ್ನು ಬೈದರು. ನಾನೊಬ್ಬಳು ಇನ್ನಷ್ಟು ಕಾಯಲಿ ಎಂದು ಬೇಡಿಕೊಂಡೆ.

ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿಸಿ, "ಮಾನಸಾ, ಇಲ್ಲಿ ಬಾ," ಎಂದು ಕರೆದರು. ಬೆಕ್ಕು ಅವರ ತೊಡೆಯ ಮೇಲಿತ್ತು. ಪಟ್ಟಿ ಬಿಚ್ಚಿದರು. ಕಾಫಿ ಬಣ್ಣದ ಮೈ ನಡುವೆ ಅಂಗೈಯಗಲ ಕೂದಲು, ಹಾಲಿನ ಕೆನೆಯ ಬಣ್ಣದ್ದು. ಅತ್ತೆ ಬೆರಳಿನಿಂದ ಅದನ್ನು ಹಿಂದಕ್ಕೆ, ಮುಂದಕ್ಕೆ ಸವರಿ ಬುಡದ ತನಕ ನೋಡಿದರು. ಆಮೇಲೆ ಕೆನೆ ಎಂದರು. ಅವರ ಕಣ್ಣಲ್ಲಿ ನೀರು ಬಂತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಕೂತಲ್ಲೇ ಮಳೆಯ ಕಥೆಯೆಲ್ಲ ಹೇಳಿದೆ. ಬಾಗಿಲು ತೆರೆದಿಟ್ಟದ್ದು, ಕಳೆದದ್ದು, ವಿಡಿಯೊ ಕಾಲಿನ ಸುಳ್ಳು, ನನಗೇ ಇದ್ದ ಅನುಮಾನ. ಬಾಣಂತಿಯನ್ನು ಬಿಟ್ಟು ಓಡಿಬರುತ್ತೀರೆಂದು ಹೇಳಲಿಲ್ಲ ಎಂದೆ. ಅರ್ಧ ನಿಜ ಅದು. ಇನ್ನರ್ಧ, ನೀವು ಕೊಟ್ಟದ್ದನ್ನು ಕಾಪಾಡಲಿಲ್ಲ ಅನ್ನಿಸಿಕೊಳ್ಳುವ ಹೆದರಿಕೆ ಎಂದು ಅದನ್ನೂ ಹೇಳಿದೆ. ಈಗ ದೀಪ ಮುಟ್ಟಿ ಹೇಳುತ್ತೇನೆ ಎಂದು ಎದ್ದೆ. ಕೈ ಹಿಡಿದು ಕೂರಿಸಿದರು. "ಬೇಡಮ್ಮಾ. ಗೊತ್ತಿಲ್ಲದ್ದಕ್ಕೆ ನೀನು ಅವತ್ತು ದೀಪ ಮುಟ್ಟಲಿಲ್ಲ ನೋಡು, ಅದು ಶರಿ. ಆದ್ರೆ ಬಾಯಿ ಬಿಟ್ಟು ಹೇಳ್ಬೇಕಿತ್ತು. ನಾನೂ ಕೇಳೋ ರೀತೀಲಿ ಕೇಳ್ಬೇಕಿತ್ತು," ಎಂದರು. ಅತ್ತೆಯ ಬಾಯಿಂದ ಅಂಥ ಮಾತು ಬಂದದ್ದು ಕೇಳಿ ಅಲ್ಲೇ ಕೂತಿದ್ದ ಗುರುಚರಣ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಕ್ರೋಂಪೇಟೆಯ ಮಾತು ಈಗ ಯಾರೂ ಎತ್ತುತ್ತಿಲ್ಲ.

ಎಷ್ಟು ಹಗುರಾಗಿದ್ದೇನೆ ಅಂದರೆ, ನಿನ್ನೆ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತೆ. ಯಾರೂ ಏನೂ ಅನ್ನಲಿಲ್ಲ. ಆಷಾಢದಲ್ಲಿ ನೀನು ಬಂದು ಹದಿನೈದು ದಿನ ಇದ್ದು ಹೋಗು. ಬರುವಾಗ ಹುರುಳಿಕಾಳು ತಾ, ಇಲ್ಲಿಯದು ಕುದಿಸಿದರೂ ಬೇಯುವುದಿಲ್ಲ. ಅತ್ತೆಯ ಮುಂದೆ ಈ ಕಾಗದದ ಸುದ್ದಿ ಎತ್ತಬೇಡ. ಎತ್ತಿದರೂ ಪಿಸುದನಿಯಲ್ಲಿ ಎತ್ತು, ನಿನಗೆ ಅದು ಸಾಧ್ಯವಾದರೆ.

ನೆಗಡಿ ವಾಸಿಯಾದ ನಿನ್ನ ಮಗಳು,
ಮಾನಸ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯಬೇಕು. ಈಗ ಅಂಗಡಿಗೆ ಹೋಗುವಾಗ ಮೆಟ್ಟಿಲ ಮೇಲೆ ಸರಸ ಮಾಮಿ ಸಿಕ್ಕರು. ಇವತ್ತು ತಲೆ ತಗ್ಗಿಸಲಿಲ್ಲ, ನಿಂತು ನಾನೇ ಮಾತಾಡಿಸಿದೆ. ಮಾಮಿ, ನಮ್ಮ ಕೆನೆ ಕಪ್ಪಾದದ್ದು ಎಸಿ ತಂಪಿಗಂತೆ, ಡಾಕ್ಟರು ಕಂಡುಹಿಡಿದರು ಎಂದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಅದಕ್ಕೆ ಡಾಕ್ಟರ್ ಯಾಕೆ? ಫೆಬ್ರವರೀಲೇ ನಿಮ್ಮತ್ತೆ ನಮಗೆಲ್ಲ ಹೇಳಿದ್ರಲ್ಲ, ನಮ್ಮ ಮಾನಸ ಎಸಿ ರೂಮಲ್ಲಿ ಮುದ್ದಾಗಿ ಸಾಕಿದಾಳೆ, ಅದಕ್ಕೇ ಬಣ್ಣ ಏರಿದೆ, ಇದು ನಮ್ಮ ಕೆನೆನೇ ಅಂತ," ಎಂದರು. ಅಂಗಡಿಗೆ ಹೋಗದೆ ಹಿಂದಿರುಗಿ ಬಂದು ಅತ್ತೆಯನ್ನು ಕೇಳಿದೆ, ನಿಮಗೆ ಆಗಲೇ ಹೇಗೆ ಗೊತ್ತಿತ್ತು ಎಂದು. ಸೊಪ್ಪು ಬಿಡಿಸುತ್ತ, ತಲೆ ಎತ್ತದೆ ಹೇಳಿದರು: "ನಂಗೇನು ಗೊತ್ತಿತ್ತು? ಕೇಳಿದವರಿಗೆ ಏನಾದ್ರೂ ಹೇಳಬೇಕಲ್ಲ, ಬಾಯಿಗೆ ಬಂದದ್ದು ಹೇಳಿದೆ. ನಮ್ಮ ಮನೆ ಹುಡುಗೀನ ನಾನೇ ಬಿಟ್ಟುಕೊಡೋದಾ?"